ಪುಸ್ತಕದಿಂದ ಊರಿನತ್ತ ನಡೆದ ಎಂ.ಎನ್. ಶ್ರೀನಿವಾಸ್

ಕಲಬುರಗಿ: ಕಮಲಾಪುರದಿಂದ ಬೆಳಗಿನ ಬಸ್ಸು ಹಿಡಿದು ಕಲಬುರಗಿಯ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಸಮಾಜಶಾಸ್ತ್ರವನ್ನು ಆಯ್ದುಕೊಂಡವರು ಆರಂಭದಲ್ಲೇ ಕೆಲವು ಪದಗಳನ್ನು ಬಾಯಿಪಾಠ ಮಾಡುತ್ತಾರೆ. ಅಂತಸ್ತು, ಪಾತ್ರ, ರೂಢಿ, ಸಮುದಾಯ, ಸ್ತರವಿನ್ಯಾಸ. ಇವುಗಳ ಬೆನ್ನಿಗೇ ಸಂಸ್ಕೃತೀಕರಣ, ಪ್ರಬಲ ಜಾತಿ ಎಂಬ ಪದಗಳೂ ಬರುತ್ತವೆ. ಮೊದಲಿನವು ಬಹುಮಟ್ಟಿಗೆ ಯುರೋಪು, ಅಮೆರಿಕಗಳ ವಿದ್ವಾಂಸರ ಕೊಡುಗೆ. ಕೊನೆಯ ಎರಡನ್ನು ಕೊಟ್ಟವರು ಮೈಸೂರಿನಲ್ಲಿ ಹುಟ್ಟಿ ಬೆಳೆದ ಎಂ.ಎನ್. ಶ್ರೀನಿವಾಸ್.

ಪರೀಕ್ಷೆಯಲ್ಲಿ ಐದು ಅಥವಾ ಹತ್ತು ಅಂಕಗಳಿಗೆ ಉತ್ತರವಾಗಿ ಮುಗಿದುಹೋಗುವ ಈ ಪದಗಳ ಹಿಂದೆ ಒಂದು ದೀರ್ಘ ಬದುಕಿದೆ. ಹಳ್ಳಿಯ ಎತ್ತಿನ ಮನೆಯಲ್ಲಿ ಕಳೆದ ತಿಂಗಳುಗಳಿವೆ. ಹದಿನೆಂಟು ವರ್ಷಗಳ ದುಡಿಮೆ ಬೆಂಕಿಗೆ ಆಹುತಿಯಾದ ಒಂದು ದಿನವೂ ಇದೆ. ತಮ್ಮ ಊರನ್ನು ತಮ್ಮ ಕಣ್ಣಿನಿಂದ ನೋಡಿ, ಕಂಡದ್ದಕ್ಕೆ ಹೆಸರಿಡಬಹುದು ಎಂಬುದನ್ನು ಭಾರತದ ವಿದ್ಯಾರ್ಥಿಗಳಿಗೆ ತೋರಿಸಿಕೊಟ್ಟ ಬದುಕು ಅದು.

ಮನೆಯ ಹಿಂದಿನ ಕೇರಿ

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಅವರು 1916ರ ನವೆಂಬರ್ 16ರಂದು ಮೈಸೂರಿನಲ್ಲಿ ಜನಿಸಿದರು. ಅಯ್ಯಂಗಾರ್ ಬ್ರಾಹ್ಮಣ ಕುಟುಂಬ. ಹಳ್ಳಿಯಲ್ಲಿ ಜಮೀನು ಉಳಿಸಿಕೊಂಡೇ, ಮಕ್ಕಳ ವಿದ್ಯಾಭ್ಯಾಸಕ್ಕಾಗಿ ನಗರಕ್ಕೆ ಬಂದು ನೆಲೆಸಿದ ಮನೆತನ. ಅಂದಿನ ಮೈಸೂರು ಸಂಸ್ಥಾನದಲ್ಲಿ ಇಂಥ ಕುಟುಂಬಗಳು ಅನೇಕವಿದ್ದವು. ಹಳ್ಳಿಯ ಬ್ರಾಹ್ಮಣರು ಇಂಗ್ಲಿಷ್ ವಿದ್ಯೆ ಮತ್ತು ಸರ್ಕಾರಿ ನೌಕರಿಯತ್ತ ಹೊರಳಿದ್ದ ಕಾಲ ಅದು.

ಅವರ ಮನೆ ಕಾಲೇಜು ರಸ್ತೆಯಲ್ಲಿತ್ತು. ಮನೆಯ ಹಿಂಭಾಗಕ್ಕೆ ಕೆಲವೇ ಹೆಜ್ಜೆಗಳ ದೂರದಲ್ಲಿ ಬಂಡಿಕೇರಿ ಎಂಬ ಪ್ರದೇಶ. ಅಲ್ಲಿ ಕುರುಬ ಸಮುದಾಯದವರ ಮನೆಗಳಿದ್ದವು. ಊಟ, ಉಡುಗೆ, ಮಾತಿನ ಧಾಟಿ, ಜಗಳ, ಹಬ್ಬ ಎಲ್ಲವೂ ಮುಂಬದಿಯ ರಸ್ತೆಗಿಂತ ಬೇರೆಯಾಗಿದ್ದವು. ಇನ್ನೊಂದು ಸಂಸ್ಕೃತಿಯನ್ನು ಎದುರುಗೊಂಡಾಗ ಉಂಟಾಗುವ ದಿಗ್ಭ್ರಮೆಯನ್ನು ಸಮಾಜಶಾಸ್ತ್ರ ಸಾಂಸ್ಕೃತಿಕ ಆಘಾತ ಎಂದು ಕರೆಯುತ್ತದೆ. ಅದನ್ನು ಅನುಭವಿಸಲು ವಿದ್ವಾಂಸರು ಸಾಮಾನ್ಯವಾಗಿ ಸಮುದ್ರ ದಾಟಿ ಹೋಗುತ್ತಿದ್ದರು. ಶ್ರೀನಿವಾಸ್ ಅವರಿಗೆ ಅದು ಬಾಲ್ಯದಲ್ಲಿಯೇ ತಮ್ಮ ಮನೆಯ ಹಿತ್ತಲಿನಾಚೆ ದೊರೆಯಿತು. ಮುಂದೆ ತಮ್ಮ ಬೌದ್ಧಿಕ ಪಯಣವನ್ನು ಬರೆಯುವಾಗ ಅವರು ಈ ಕೇರಿಯನ್ನು ಮರೆಯದೆ ನೆನೆದರು.

ಮೈಸೂರು ವಿಶ್ವವಿದ್ಯಾಲಯದಲ್ಲಿ ಅವರು ಸಾಮಾಜಿಕ ತತ್ತ್ವಶಾಸ್ತ್ರದಲ್ಲಿ ಆನರ್ಸ್ ಪದವಿ ಓದಿದರು. ಎ.ಆರ್. ವಾಡಿಯಾ ಅಲ್ಲಿ ಅವರ ಗುರುಗಳಲ್ಲೊಬ್ಬರು. 1936ರಲ್ಲಿ ಪದವಿ ಮುಗಿಸಿ ಮುಂಬಯಿಗೆ ತೆರಳಿದರು. ಆಗ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದಲ್ಲಿ ಜಿ.ಎಸ್. ಘುರ್ಯೆ ಅವರದೇ ಹೆಸರು. ಪ್ರಾಚೀನ ಗ್ರಂಥಗಳ ಆಧಾರದಿಂದ ಭಾರತೀಯ ಸಮಾಜವನ್ನು ಅರಿಯುವ ವಿದ್ವತ್ತು ಅವರದು. ಶಿಷ್ಯರನ್ನು ಮಾತ್ರ ಅವರು ಕ್ಷೇತ್ರಕ್ಕೂ ಕಳುಹಿಸುತ್ತಿದ್ದರು. ಮೈಸೂರಿನ ವಿವಾಹ ಮತ್ತು ಕುಟುಂಬ ಪದ್ಧತಿಗಳ ಕುರಿತು ಶ್ರೀನಿವಾಸ್ ಅಲ್ಲಿ ಬರೆದ ಪ್ರಬಂಧ 1942ರಲ್ಲಿ ಪುಸ್ತಕವಾಯಿತು. ಕೊಡವರ ಬಗೆಗಿನ ಬೃಹತ್ ಪ್ರಬಂಧಕ್ಕೆ 1944ರಲ್ಲಿ ಡಾಕ್ಟರೇಟ್ ಲಭಿಸಿತು.

ಕೊಡಗಿನಿಂದ ಆಕ್ಸ್‌ಫರ್ಡ್‌ಗೆ

1945ರಲ್ಲಿ ಅವರು ಆಕ್ಸ್‌ಫರ್ಡ್ ಸೇರಿದರು. ಅಲ್ಲಿ ಮೊದಲು ರ‍್ಯಾಡ್‌ಕ್ಲಿಫ್ ಬ್ರೌನ್, ಅವರ ನಿವೃತ್ತಿಯ ನಂತರ ಇವಾನ್ಸ್ ಪ್ರಿಚರ್ಡ್ ಮಾರ್ಗದರ್ಶಕರಾದರು. ಇಬ್ಬರೂ ಮಾನವಶಾಸ್ತ್ರದ ದಿಗ್ಗಜರು. ಒಂದು ಆಚರಣೆ ಎಲ್ಲಿಂದ ಬಂತು ಎಂದು ಕೇಳುವುದಕ್ಕಿಂತ, ಅದು ಇಂದು ಆ ಸಮಾಜದಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಕೇಳಬೇಕೆಂಬುದು ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ನಿಲುವು. ಸಂರಚನೆ ಮತ್ತು ಪ್ರಕಾರ್ಯ ಎಂಬ ಪಠ್ಯಪುಸ್ತಕದ ಜೋಡಿಪದಗಳ ಸಾರ ಇಷ್ಟೇ.

ಕೊಡಗಿನಿಂದ ತಂದ ಮಾಹಿತಿಯನ್ನೇ ಶ್ರೀನಿವಾಸ್ ಈ ಹೊಸ ದೃಷ್ಟಿಯಿಂದ ಮತ್ತೆ ಪರಿಶೀಲಿಸಿದರು. ಕೊಡವರ ಒಕ್ಕ, ಅಂದರೆ ಒಂದೇ ಮೂಲಪುರುಷನಿಂದ ಬಂದ ಕೂಡುಕುಟುಂಬ, ಪುತ್ತರಿಯಂಥ ಹಬ್ಬಗಳು, ಮಡಿ ಮೈಲಿಗೆಯ ಕಲ್ಪನೆಗಳು ಒಂದಕ್ಕೊಂದು ಹೆಣೆದುಕೊಂಡು ಆ ಸಮಾಜವನ್ನು ಹಿಡಿದಿಟ್ಟಿರುವ ಬಗೆಯನ್ನು ವಿವರಿಸಿದರು. 1947ರಲ್ಲಿ ಆಕ್ಸ್‌ಫರ್ಡ್‌ನ ಡಾಕ್ಟರೇಟ್ ದೊರೆಯಿತು. ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಆ ಗ್ರಂಥ 1952ರಲ್ಲಿ ಪ್ರಕಟವಾಯಿತು.

ಸಂಸ್ಕೃತೀಕರಣ ಎಂಬ ಪದ ವಿದ್ವಲ್ಲೋಕದ ಗಮನ ಸೆಳೆದದ್ದು ಈ ಪುಸ್ತಕದ ಮೂಲಕ. ಕೆಳಗಿನ ಸ್ತರದ ಜಾತಿಯೊಂದು ಮೇಲಿನ ಜಾತಿಯ ಆಹಾರ ಕ್ರಮ, ಆಚರಣೆ, ದೇವತೆಗಳು ಮತ್ತು ಜೀವನಶೈಲಿಯನ್ನು ಅನುಸರಿಸಿ, ಒಂದೆರಡು ತಲೆಮಾರುಗಳಲ್ಲಿ ತನ್ನ ಸ್ಥಾನವನ್ನು ಎತ್ತರಿಸಿಕೊಳ್ಳಲು ಯತ್ನಿಸುವ ಪ್ರಕ್ರಿಯೆಗೆ ಅವರು ಈ ಹೆಸರಿಟ್ಟರು. ಮಾಂಸ ಮತ್ತು ಮದ್ಯ ತ್ಯಜಿಸಿ ಜನಿವಾರ ಧರಿಸಿದ ಅಮ್ಮ ಕೊಡವರು ಅವರಿಗೆ ಕಣ್ಣೆದುರಿನ ನಿದರ್ಶನವಾಗಿದ್ದರು. ಮೊದಲು ಬ್ರಾಹ್ಮಣೀಕರಣ ಎಂದೇ ಯೋಚಿಸಿದ್ದ ಶ್ರೀನಿವಾಸ್, ಅನುಸರಣೆಯ ಮಾದರಿ ಎಲ್ಲೆಡೆ ಬ್ರಾಹ್ಮಣರೇ ಆಗಿರುವುದಿಲ್ಲ ಎಂದು ಅರಿತು ಹೆಚ್ಚು ವ್ಯಾಪಕವಾದ ಪದವನ್ನು ಆರಿಸಿಕೊಂಡರು.

ಜಾತಿ ಎಂದರೆ ಕದಲದ ಕಲ್ಲು ಎಂಬ ಭಾವನೆ ಆವರೆಗೆ ಪಠ್ಯಗಳಲ್ಲಿ ಬೇರೂರಿತ್ತು. ಏಣಿಯ ಮೇಲೆ ಜಾತಿಗಳು ಜರುಗುತ್ತವೆ, ಆದರೆ ಏಣಿ ಹಾಗೆಯೇ ಉಳಿಯುತ್ತದೆ ಎಂಬುದನ್ನು ಈ ಪರಿಕಲ್ಪನೆ ತೋರಿಸಿತು.

ಎತ್ತಿನ ಮನೆಯ ಅತಿಥಿ

1948ರಲ್ಲಿ ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿದರು. ತಮ್ಮ ಬರಹಗಳಲ್ಲಿ ಅದನ್ನು ರಾಂಪುರ ಎಂದು ಕರೆದರು. ನಿಜವಾದ ಹೆಸರು ಕೊಡಗಹಳ್ಳಿ. ಆಕ್ಸ್‌ಫರ್ಡ್‌ನಲ್ಲಿ ಅವರಿಗೆ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆ ದೊರೆತಿತ್ತು. ಮೊದಲ ವರ್ಷವನ್ನು ಹಳ್ಳಿಯಲ್ಲಿ ಕಳೆಯಲು ಇವಾನ್ಸ್ ಪ್ರಿಚರ್ಡ್ ಅವಕಾಶ ಮಾಡಿಕೊಟ್ಟಿದ್ದರು.

ಊರ ಮುಖ್ಯಸ್ಥರಿಗೆ ಸೇರಿದ, ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ ಅವರ ವಾಸ. ಜನರ ನಡುವೆ ಬದುಕುತ್ತಲೇ ಅವರನ್ನು ಅರಿಯುವ ಈ ವಿಧಾನವನ್ನು ಪಠ್ಯಗಳು ಸಹಭಾಗಿ ಅವಲೋಕನ ಎನ್ನುತ್ತವೆ. ಹೇಳಲು ಸುಲಭವಾದ ಈ ವಿಧಾನ ನಡೆಸಲು ಕಷ್ಟ. ಹಳ್ಳಿಗರಿಗೆ ಅವರು ವಿದೇಶದಲ್ಲಿ ಓದಿದ ವಿದ್ವಾಂಸರಾಗುವುದಕ್ಕೆ ಮೊದಲು ಬ್ರಾಹ್ಮಣರಾಗಿದ್ದರು. ಸ್ನಾನದ ನಂತರ ಕ್ಷೌರ ಮಾಡಿಕೊಂಡದ್ದಕ್ಕೆ ಊರ ಮುಖ್ಯಸ್ಥರಿಂದಲೇ ಆಕ್ಷೇಪ ಕೇಳಬೇಕಾಯಿತು. ಅಂತಸ್ತಿಗೆ ತಕ್ಕ ಪಾತ್ರ, ಪಾತ್ರಕ್ಕೆ ತಕ್ಕ ನಡವಳಿಕೆ, ತಪ್ಪಿದರೆ ಸಮಾಜದ ನಿಯಂತ್ರಣ ಎಂಬ ಪ್ರಾಥಮಿಕ ಪಾಠವನ್ನು ಪ್ರಾಧ್ಯಾಪಕರಿಗೇ ಹಳ್ಳಿ ಕಲಿಸಿತು.

ಇನ್ನೊಂದು ಮಿತಿಯೂ ಇತ್ತು. ಊರ ಮುಖ್ಯಸ್ಥರ ಅತಿಥಿಯಾಗಿದ್ದ ಕಾರಣ ದಲಿತರ ಕೇರಿಗೆ ಮುಕ್ತವಾಗಿ ಹೋಗಿಬರಲು ಅವರಿಗೆ ಆಗಲಿಲ್ಲ. ತಾವು ಕಂಡ ಹಳ್ಳಿ ಬಹುಮಟ್ಟಿಗೆ ಮೇಲಿನ ಜಾತಿಗಳ ಗಂಡಸರ ಕಣ್ಣಿನ ಹಳ್ಳಿ ಎಂದು ಮುಂದೆ ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ರಾಂಪುರದಲ್ಲಿ ಅವರು ಕಂಡ ಮುಖ್ಯ ಸತ್ಯ ಪುಸ್ತಕಗಳಲ್ಲಿ ಇರಲಿಲ್ಲ. ಶಾಸ್ತ್ರಗ್ರಂಥಗಳ ಪ್ರಕಾರ ಬ್ರಾಹ್ಮಣರು ಮೇಲು. ಆದರೆ ಊರಿನಲ್ಲಿ ಮಾತು ನಡೆಯುತ್ತಿದ್ದುದು ಒಕ್ಕಲಿಗರದು. ಸಂಖ್ಯೆಯಲ್ಲಿ ಹೆಚ್ಚಿನವರು, ಭೂಮಿಯ ಒಡೆಯರು, ವ್ಯಾಜ್ಯ ತೀರ್ಮಾನಿಸುವವರು ಅವರೇ. ಸಂಖ್ಯಾಬಲ, ಭೂಮಿ ಮತ್ತು ರಾಜಕೀಯ ಅಧಿಕಾರ ಹೊಂದಿದ್ದು, ಆಚರಣೆಯ ಶ್ರೇಣಿಯಲ್ಲಿ ತೀರಾ ಕೆಳಗಿರದ ಜಾತಿಯನ್ನು ಅವರು ಪ್ರಬಲ ಜಾತಿ ಎಂದರು. ಆಧುನಿಕ ವಿದ್ಯೆ ಮತ್ತು ನೌಕರಿಗಳನ್ನೂ ಈ ಬಲದ ಮೂಲಗಳಿಗೆ ಸೇರಿಸಿದರು. ಇದನ್ನು ವಿಸ್ತರಿಸಿದ ಪ್ರಬಂಧ 1959ರಲ್ಲಿ ಪ್ರಕಟವಾಯಿತು. ಚುನಾವಣೆಯ ಸುದ್ದಿಗಳಲ್ಲಿ ಇಂದು ದಿನಬೆಳಗಾದರೆ ಕಾಣುವ ವೋಟ್ ಬ್ಯಾಂಕ್ ಎಂಬ ಪದದ ಮೊದಲ ಬಳಕೆಯನ್ನೂ 1955ರ ಅವರ ರಾಂಪುರ ಪ್ರಬಂಧಕ್ಕೆ ಸಲ್ಲಿಸುವುದು ವಾಡಿಕೆ.

ಹೀಗೆ ಪುಸ್ತಕದ ನೋಟ ಮತ್ತು ಕ್ಷೇತ್ರದ ನೋಟ ಎಂಬ ವ್ಯತ್ಯಾಸ ಸ್ಪಷ್ಟವಾಯಿತು. ನಾಲ್ಕು ವರ್ಣಗಳ ಅಚ್ಚುಕಟ್ಟಾದ ಚಿತ್ರ ಪುಸ್ತಕದ್ದು. ಯಾರು ಯಾರ ಮನೆಯ ನೀರು ಮುಟ್ಟುತ್ತಾರೆ, ಯಾರು ಮುಟ್ಟುವುದಿಲ್ಲ ಎಂದು ಸದಾ ತಕರಾರು ನಡೆಯುವ ಚಿತ್ರ ಕ್ಷೇತ್ರದ್ದು. ಮೈಸೂರು ಸೀಮೆಯ ವಿಶ್ವಕರ್ಮರು ಜನಿವಾರ ಧರಿಸಿ ಬ್ರಾಹ್ಮಣ ಸ್ಥಾನ ಕೇಳುತ್ತಿದ್ದರೂ, ಅವರ ಮನೆಯ ಅನ್ನ ನೀರನ್ನು ದಲಿತರೂ ಸ್ವೀಕರಿಸುತ್ತಿರಲಿಲ್ಲ ಎಂಬುದನ್ನು ಶ್ರೀನಿವಾಸ್ ದಾಖಲಿಸಿದರು. ಅನುಕರಣೆಯೊಂದೇ ಸಾಲದು, ಸುತ್ತಲಿನವರು ಒಪ್ಪಬೇಕು ಎಂಬುದಕ್ಕೆ ಇದು ಸಾಕ್ಷಿಯಾಗಿತ್ತು.

ಎರಡು ಕನ್ನಡ ನಾಡುಗಳು

ಶ್ರೀನಿವಾಸ್ ರಾಂಪುರದಲ್ಲಿದ್ದ ಅದೇ 1948ರಲ್ಲಿ ಗುಲಬರ್ಗಾ ಜಿಲ್ಲೆ ಬೇರೊಂದು ಚರಿತ್ರೆಯ ಸುಳಿಯಲ್ಲಿತ್ತು. ನಿಜಾಮನ ಆಳ್ವಿಕೆ, ರಜಾಕಾರರ ಹಾವಳಿ, ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ. ಮೈಸೂರಿನ ಹಳ್ಳಿಯಲ್ಲಿ ಕಾಲುವೆಯ ನೀರು, ಭತ್ತ, ಕಬ್ಬು. ಇಲ್ಲಿ ಮಳೆಯಾಶ್ರಿತ ಜೋಳ, ತೊಗರಿ. ಅಲ್ಲಿ ಗೌಡ, ಶ್ಯಾನುಭೋಗರು. ಇಲ್ಲಿ ಪೊಲೀಸ್ ಪಾಟೀಲ, ಮಾಲಿ ಪಾಟೀಲರು, ಅವರ ಮೇಲೆ ಜಹಗೀರುದಾರರು. 1956ರ ನವೆಂಬರ್ 1ರಂದು ಎರಡೂ ಸೀಮೆಗಳು ಒಂದೇ ರಾಜ್ಯದೊಳಗೆ ಬಂದವು.

ಸಂಸ್ಕೃತೀಕರಣ ಮತ್ತು ಪಾಶ್ಚಾತ್ಯೀಕರಣ ಕುರಿತ ಶ್ರೀನಿವಾಸ್ ಅವರ ಪ್ರಸಿದ್ಧ ಟಿಪ್ಪಣಿ ಪ್ರಕಟವಾದದ್ದೂ 1956ರಲ್ಲೇ. ಮರುವರ್ಷ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಮಾನವಶಾಸ್ತ್ರ ವಿಭಾಗದ ಅಧ್ಯಕ್ಷ ಭಾಷಣದಲ್ಲಿ ಅವರು, ಪ್ರಜಾಪ್ರಭುತ್ವದೊಂದಿಗೆ ಜಾತಿ ಕರಗುವ ಬದಲು ರಾಜಕೀಯದಲ್ಲಿ ಹೊಸ ಬಲ ಪಡೆಯುತ್ತಿದೆ ಎಂದು ವಾದಿಸಿದರು. ಲಿಂಗಾಯತ ಮತ್ತು ಒಕ್ಕಲಿಗ ಸ್ಪರ್ಧೆಯ ಉದಾಹರಣೆ ಕೊಟ್ಟರು. ಜಾತಿ ಇನ್ನೇನು ಮಾಯವಾಗುತ್ತದೆ ಎಂದು ನಂಬಿದ್ದ ನಗರದ ವಿದ್ಯಾವಂತರಿಗೆ ಈ ಮಾತು ರುಚಿಸಲಿಲ್ಲ. ನಂತರದ ದಶಕಗಳ ಚುನಾವಣೆಗಳು ಯಾರು ಸರಿ ಎಂಬುದನ್ನು ತೋರಿಸಿದವು.

ಆದರೂ ಮೈಸೂರಿನ ಹಳ್ಳಿಯಲ್ಲಿ ತಯಾರಾದ ಅಳತೆಗೋಲು ಕಲಬುರಗಿ ಸೀಮೆಗೆ ಪೂರ್ತಿಯಾಗಿ ಹೊಂದುವುದಿಲ್ಲ. ಕಮಲಾಪುರದ ಮೇಲೆ ಹಾದುಹೋಗುವ ರಸ್ತೆಯಲ್ಲಿ ಹುಮನಾಬಾದ್‌ನತ್ತ ಸಾಗಿದರೆ, ಅಲ್ಲಿಂದ ಬಸವಕಲ್ಯಾಣ ದೂರವಿಲ್ಲ. ಹನ್ನೆರಡನೇ ಶತಮಾನದ ಶರಣರು ಏಣಿಯ ಮೆಟ್ಟಿಲು ಏರಲು ಹೊರಟವರಲ್ಲ, ಏಣಿಯನ್ನೇ ಪ್ರಶ್ನಿಸಿದವರು. ಶ್ರೀನಿವಾಸ್ ಲಿಂಗಾಯತ ಚಳವಳಿಯನ್ನು ಬ್ರಾಹ್ಮಣ್ಯವನ್ನು ವಿರೋಧಿಸಿದ ಜನಪರ ಚಳವಳಿ ಎಂದೇ ಗುರುತಿಸಿದ್ದರು. ಜೊತೆಗೆ, ಕರ್ನಾಟಕದ ಅನೇಕ ಕೆಳ ಜಾತಿಗಳ ಆಚಾರಗಳನ್ನು ಸಂಸ್ಕೃತೀಕರಿಸಿದ ಪ್ರಬಲ ಶಕ್ತಿಯೂ ಅದೇ ಎಂದರು. ಈ ಎರಡು ಮಾತುಗಳು ಒಟ್ಟಿಗೆ ನಿಲ್ಲುತ್ತವೆಯೇ ಎಂಬುದು ಈ ಭಾಗದ ಯಾವುದೇ ವಿದ್ಯಾರ್ಥಿ ಕೇಳಬಹುದಾದ, ಕೇಳಲೇಬೇಕಾದ ಪ್ರಶ್ನೆ.

ಕಲಬುರಗಿ ನಗರದಲ್ಲಿ ಇಂಥ ಪ್ರಶ್ನೆಗಳಿಗೆ ಕೊರತೆಯಿಲ್ಲ. ಶರಣಬಸವೇಶ್ವರರ ದಾಸೋಹ ಪರಂಪರೆ, ಎಲ್ಲ ಮತಗಳವರೂ ಹೋಗಿಬರುವ ಖ್ವಾಜಾ ಬಂದೇನವಾಜರ ದರ್ಗಾ, ನಗರದ ಹೊರವಲಯದ ಬುದ್ಧ ವಿಹಾರ ಇವೆಲ್ಲ ಒಂದೇ ಊರಿನಲ್ಲಿವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಿ.ಆರ್. ಅಂಬೇಡ್ಕರ್ ಲಕ್ಷಾಂತರ ಅನುಯಾಯಿಗಳೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ಅದು ಮೇಲಿನ ಜಾತಿಯ ಅನುಕರಣೆಯ ಹಾದಿ ಆಗಿರಲಿಲ್ಲ. ಆ ಹಾದಿಯನ್ನೇ ತೊರೆಯುವ ನಿರ್ಧಾರವಾಗಿತ್ತು. ಅಸ್ಪೃಶ್ಯತೆಯ ಗೋಡೆಯನ್ನು ದಾಟಲು ಸಂಸ್ಕೃತೀಕರಣ ನೆರವಾಗದು ಎಂಬುದನ್ನು ಶ್ರೀನಿವಾಸ್ ಸ್ವತಃ ಬರೆದಿದ್ದರು. ಆದರೆ ಆ ಗೋಡೆಯ ಇನ್ನೊಂದು ಬದಿಯಿಂದ ಸಮಾಜ ಹೇಗೆ ಕಾಣುತ್ತದೆ ಎಂಬುದು ಅವರ ಪರಿಕಲ್ಪನೆಯೊಳಗೆ ಸಾಕಷ್ಟು ಬರಲಿಲ್ಲ ಎಂಬ ಟೀಕೆ ಇಂದಿಗೂ ಇದೆ. ಅದು ನ್ಯಾಯವಾದ ಟೀಕೆ.

ಬೆಂಕಿ ಮತ್ತು ನೆನಪು

ಆಕ್ಸ್‌ಫರ್ಡ್ ಹುದ್ದೆಯನ್ನು ಬಿಟ್ಟು ಶ್ರೀನಿವಾಸ್ 1951ರಲ್ಲಿ ಭಾರತಕ್ಕೆ ಮರಳಿದರು. ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗ ಕಟ್ಟಿದರು. 1959ರಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ತೆರಳಿ ಅಲ್ಲಿಯೂ ವಿಭಾಗವನ್ನು ಆರಂಭಿಸಿದರು. ಅಲ್ಲಿ ತಯಾರಾದ ವಿದ್ಯಾರ್ಥಿಗಳು ದೇಶದ ವಿಶ್ವವಿದ್ಯಾಲಯಗಳಲ್ಲಿ ಹರಡಿಕೊಂಡರು. ಆಧುನಿಕ ಭಾರತದಲ್ಲಿ ಸಾಮಾಜಿಕ ಬದಲಾವಣೆಯ ಕುರಿತ ಅವರ ಪುಸ್ತಕ 1966ರಲ್ಲಿ ಹೊರಬಂದು, ಪಠ್ಯಕ್ರಮಗಳಲ್ಲಿ ಕಾಯಂ ಸ್ಥಾನ ಪಡೆಯಿತು.

ಆದರೆ ರಾಂಪುರದ ಬಗ್ಗೆ ಬರೆಯಬೇಕೆಂದಿದ್ದ ದೊಡ್ಡ ಪುಸ್ತಕ ಬಾಕಿ ಉಳಿದಿತ್ತು. ಅದನ್ನು ಬರೆಯಲೆಂದು ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಉನ್ನತ ಅಧ್ಯಯನ ಕೇಂದ್ರಕ್ಕೆ ಹೋದರು. 1970ರ ಏಪ್ರಿಲ್ 24ರಂದು ಕಿಡಿಗೇಡಿಗಳು ಆ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ಹದಿನೆಂಟು ವರ್ಷಗಳ ಕಾಲ ವಿಂಗಡಿಸಿ, ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಅವರ ಕೊಠಡಿಯಲ್ಲಿದ್ದವು. ಎಲ್ಲವೂ ಸುಟ್ಟುಹೋದವು. ಹಳ್ಳಿಯಲ್ಲಿ ಬರೆದುಕೊಂಡಿದ್ದ ಮೂಲ ಟಿಪ್ಪಣಿಗಳು ದೆಹಲಿಯಲ್ಲಿ ಉಳಿದಿದ್ದವಾದರೂ, ಅವನ್ನು ಮತ್ತೆ ವಿಂಗಡಿಸಲು ಇನ್ನಷ್ಟು ವರ್ಷಗಳೇ ಬೇಕಾಗಿದ್ದವು.

ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರು ಕೊಟ್ಟ ಸಲಹೆ ದಾರಿ ತೋರಿಸಿತು. ಟಿಪ್ಪಣಿಗಳಿಲ್ಲದೆ, ನೆನಪಿನಿಂದಲೇ ಬರೆಯಬೇಕು ಎಂಬುದು ಆ ಸಲಹೆ. 53 ವರ್ಷದ ಶ್ರೀನಿವಾಸ್, 22 ವರ್ಷ ಹಿಂದಿನ ಹಳ್ಳಿಯನ್ನು ಮನಸ್ಸಿನಲ್ಲಿ ಮತ್ತೆ ಕಟ್ಟತೊಡಗಿದರು. ಕೋಷ್ಟಕಗಳು ಹೋಗಿದ್ದವು. ಉಳಿದದ್ದು ಮನುಷ್ಯರು. ಊರ ಮುಖ್ಯಸ್ಥರ ಗತ್ತು, ಹೊಲದ ಬದುವಿನ ಜಗಳ, ಸ್ನೇಹ, ದ್ವೇಷ, ಹಾಸ್ಯ, ದೇವರ ಮೇಲಿನ ಕೋಪ. 1976ರಲ್ಲಿ ಪ್ರಕಟವಾದ ದಿ ರಿಮೆಂಬರ್ಡ್ ವಿಲೇಜ್ ಭಾರತದ ಗ್ರಾಮಾಧ್ಯಯನಗಳಲ್ಲಿ ಅತ್ಯಂತ ಹೆಚ್ಚು ಓದುಗರನ್ನು ಪಡೆದ ಕೃತಿಗಳಲ್ಲಿ ಒಂದಾಯಿತು. ನೆನಪನ್ನು ವಿಜ್ಞಾನವೆಂದು ನಂಬಬಹುದೇ ಎಂಬ ಚರ್ಚೆಯನ್ನೂ ಅದು ಹುಟ್ಟುಹಾಕಿತು.

ಬೆಂಗಳೂರಿನ ವರ್ಷಗಳು

1972ರಲ್ಲಿ ಅವರು ಬೆಂಗಳೂರಿಗೆ ಬಂದರು. ವಿ.ಕೆ.ಆರ್.ವಿ. ರಾವ್ ಸ್ಥಾಪಿಸಿದ್ದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಬೆಳೆಸುವಲ್ಲಿ ಕೈಜೋಡಿಸಿದರು. ಮುಂದೆ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾದರು. 1977ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು.

ಈ ಅವಧಿಯಲ್ಲಿ ಅವರ ಗಮನ ಮಹಿಳೆಯರ ಸ್ಥಿತಿಯತ್ತ ಹರಿಯಿತು. 1976ರ ಹಕ್ಸ್‌ಲಿ ಸ್ಮಾರಕ ಉಪನ್ಯಾಸದ ವಿಷಯ ಭಾರತೀಯ ಮಹಿಳೆಯರ ಬದಲಾಗುತ್ತಿರುವ ಸ್ಥಾನಮಾನ. ವರದಕ್ಷಿಣೆಯ ಕುರಿತ ಪ್ರಬಂಧ 1984ರಲ್ಲಿ ಬಂತು. ಜಾತಿ ಮೇಲೇರಿದಂತೆ ಅದರ ಬೆಲೆಯನ್ನು ಹೆಣ್ಣುಮಕ್ಕಳು ತೆರುತ್ತಾರೆ ಎಂಬುದನ್ನು ಅವರು ಕಂಡಿದ್ದರು. ಹಳೆ ಮೈಸೂರಿನಲ್ಲಿ ಕೂಡಿಕೆ, ಉತ್ತರದಲ್ಲಿ ಉಡಿಕೆ ಎಂದು ಕರೆಯುವ ವಿಧವಾ ಮರುಮದುವೆಗೆ ಅವಕಾಶವಿದ್ದ ಸಮುದಾಯಗಳು, ಮೇಲಿನವರನ್ನು ನೋಡಿ ಅದನ್ನು ಕೈಬಿಡುತ್ತವೆ. ಹೆಣ್ಣಿಗೆ ತೆರ ಕೊಡುತ್ತಿದ್ದ ಮನೆಗಳಲ್ಲಿ ಗಂಡಿಗೆ ವರದಕ್ಷಿಣೆ ಕೊಡುವ ಪದ್ಧತಿ ಬರುತ್ತದೆ. ಗದ್ದೆ ಹೊಲಗಳಲ್ಲಿ ದುಡಿಯುತ್ತಿದ್ದ ಹೆಂಗಸು ಮನೆಯೊಳಗೆ ಉಳಿಯುವುದೇ ಗೌರವದ ಗುರುತಾಗುತ್ತದೆ. ಸಂಸ್ಕೃತೀಕರಣದ ವ್ಯಾಖ್ಯೆಯನ್ನು ಉರು ಹೊಡೆಯುವ ವಿದ್ಯಾರ್ಥಿನಿಗೆ ಅದರ ಈ ಮುಖ ತನ್ನ ಮನೆಯ ಮದುವೆಯ ಮಾತುಕತೆಯಲ್ಲೇ ಕಾಣಸಿಗಬಹುದು.

1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ಶ್ರೀನಿವಾಸ್ ನಿಧನರಾದರು. ಆಗ ಅವರಿಗೆ 83 ವರ್ಷ. ಅವರ ಕೊನೆಯ ಬರಹಗಳಲ್ಲೊಂದು 2003ರಲ್ಲಿ ಮರಣೋತ್ತರವಾಗಿ ಪ್ರಕಟವಾಯಿತು. ಜಾತಿಗೊಂದು ಕಸುಬು, ಸುಗ್ಗಿಯಲ್ಲಿ ಆಯ ಎಂಬಂತೆ ಹಳ್ಳಿಯ ಉತ್ಪಾದನೆಯನ್ನು ನಡೆಸುತ್ತಿದ್ದ ವ್ಯವಸ್ಥೆಯಾಗಿ ಜಾತಿ ಸಾಯುತ್ತಿದೆ, ಬಿಡಿಬಿಡಿ ಜಾತಿಗಳು ಮಾತ್ರ ಬಲವಾಗಿ ಬದುಕಿವೆ ಎಂಬುದು ಅದರ ಸಾರ. ಸುಮಾರು ಅರ್ಧ ಶತಮಾನದ ಹಿಂದೆ ರಾಂಪುರದಲ್ಲಿ ಕಂಡದ್ದನ್ನೇ ತಿದ್ದಿ ನೋಡಲು ಅವರು ಕೊನೆಯವರೆಗೂ ಹಿಂಜರಿಯಲಿಲ್ಲ.

ಬಸ್ಸಿನ ಹಾದಿಯಲ್ಲಿ ಪಾಠ

ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಇಂದು ತಾಲ್ಲೂಕು ಕೇಂದ್ರ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ಹಿಂದೆ ಧಾರವಾಡಕ್ಕೋ ಹೈದರಾಬಾದಿಗೋ ಹೋಗಬೇಕಾಗಿದ್ದ ಹಳ್ಳಿಯ ಮಕ್ಕಳು ಈಗ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳಬಹುದು. ಒಂದೇ ದಿನದಲ್ಲಿ ಅವರು ಎರಡು ಸಮಾಜಗಳ ನಡುವೆ ಓಡಾಡುತ್ತಾರೆ. ಬಸ್ಸಿನಲ್ಲಿ ಯಾರ ಪಕ್ಕದಲ್ಲಿ ಯಾರು ಬೇಕಾದರೂ ಕೂರುತ್ತಾರೆ. ಊರಿಗೆ ಮರಳಿದ ಮೇಲೆ ಯಾರ ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಹೋಟೆಲಿನಲ್ಲಿ ಯಾರ ಲೋಟ ಯಾರು ತೊಳೆಯುತ್ತಾರೆ, ಬಾಳೆಯ ತೋಟ ಯಾರದು, ಅದರಲ್ಲಿ ಕೂಲಿ ಯಾರದು, ಪಂಚಾಯಿತಿಯಲ್ಲಿ ಸದಸ್ಯೆಯ ಬದಲು ಮಾತನಾಡುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಸಿದ್ಧ ನೋಟ್ಸ್‌ನಲ್ಲಿ ಸಿಗುವುದಿಲ್ಲ.

ಶ್ರೀನಿವಾಸ್ ಅವರ ಉತ್ತರಗಳಲ್ಲಿ ಕೆಲವು ಹಳತಾಗಿವೆ, ಕೆಲವು ಪ್ರಶ್ನೆಗೆ ಒಳಗಾಗಿವೆ. ಅವರು ಪ್ರಶ್ನೆ ಕೇಳಿದ ರೀತಿ ಹಳತಾಗಿಲ್ಲ. ಜಗತ್ತಿನ ಪಠ್ಯಪುಸ್ತಕಗಳನ್ನು ತಲುಪಿದ ಆ ಪದಗಳ ಹಾದಿ ಆರಂಭವಾದದ್ದು ಮೈಸೂರಿನ ಒಂದು ಮನೆಯ ಹಿಂದಿನ ಕೇರಿಯಲ್ಲಿ. ಅಂಥದೊಂದು ಓಣಿ ಕಲಬುರಗಿಯ ಪ್ರತಿ ಬಡಾವಣೆಯ ಹಿಂದೆಯೂ, ಕಮಲಾಪುರದ ಸುತ್ತಲಿನ ಪ್ರತಿ ಹಳ್ಳಿಯಲ್ಲಿಯೂ ಇದೆ.